ಎಲ್ಲಿ ನಿಲ್ಲಬೇಕು? – ಗಣಕದ 'ಲೂಪ್' ಮತ್ತು ಅದರ ಹಳೆಯ ಕಥೆ

ಕಳೆದ ವರ್ಷದ ಒಂದು ಮಧ್ಯಾಹ್ನ. ನಮ್ಮ ಗಣೇಶಗುಡಿಯ ಶಾಲೆಯಲ್ಲಿ ಗಣಕ ಕಲಿಸುವ ಶಿಕ್ಷಕರು ರಜೆಯಲ್ಲಿದ್ದರು. ಒಂಬತ್ತನೆಯ ತರಗತಿಯ ಮಕ್ಕಳನ್ನು ಕಂಪ್ಯೂಟರ್ ಕೊಠಡಿಯಲ್ಲಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಮಕ್ಕಳು ಗದ್ದಲ ಮಾಡದಂತೆ ನೋಡಿಕೊಂಡರೆ ನನ್ನ ಕೆಲಸ ಮುಗಿಯಿತು ಎಂದುಕೊಂಡು ಕುಳಿತಿದ್ದೆ. ಒಂದರಿಂದ ಹತ್ತರವರೆಗೆ ಅಂಕಿಗಳನ್ನು ಮೂಡಿಸುವ ಪ್ರೋಗ್ರಾಂ ಬರೆಯಲು ಅವರಿಗೆ ಹೇಳಲಾಗಿತ್ತು. ಅರ್ಧ ಗಂಟೆ ಕಳೆದಿರಬಹುದು, ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಗಾಬರಿಯಿಂದ ಕೂಗಿದಳು: "ಸರ್, ಇದು ನಿಲ್ಲವಲ್ದ್ರೀ!"

ಹೋಗಿ ನೋಡಿದರೆ ಪರದೆಯ ತುಂಬ 1, 1, 1 ಎಂದು ಸಾಲುಸಾಲಾಗಿ ಹರಿಯುತ್ತಿತ್ತು. ಯಾವ ಗುಂಡಿ ಒತ್ತಬೇಕೆಂದು ನನಗೂ ತಿಳಿಯಲಿಲ್ಲ. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಅವಳು ಬರೆದದ್ದೆಲ್ಲ ಹೋಯಿತು. ಅಳುಮೋರೆ ಮಾಡಿಕೊಂಡು, "ನಂಗ ಇದು ಬರೂದಿಲ್ರೀ ಸರ್, ಪಿಯುಸಿಗೆ ನಾ ಕಂಪ್ಯೂಟರ್ ತಗೊಳ್ಳೂದಿಲ್ಲ" ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಒಂದು ಸಾಲಿನ ತಪ್ಪಿಗೆ ಒಂದು ಮಗು ಒಂದು ವಿದ್ಯೆಯ ಬಾಗಿಲನ್ನೇ ಮುಚ್ಚಿಕೊಳ್ಳುವುದೆಂದರೆ ಅದು ಸಣ್ಣ ವಿಷಯವಲ್ಲ. ಗಣಕವೆಂದರೆ ಪರದೇಶದಿಂದ ಬಂದ ಮಾಯಾಪೆಟ್ಟಿಗೆ, ಅದು ನಮ್ಮಂಥವರಿಗಲ್ಲ ಎಂಬ ಭಾವನೆ ನಮ್ಮ ಅನೇಕ ಮಕ್ಕಳಲ್ಲಿದೆ. ನಿಜ ಹೇಳಬೇಕೆಂದರೆ ಅದು ನನ್ನಲ್ಲಿಯೂ ಇತ್ತು. ಆ ದಿನದಿಂದ ಗೆಳೆಯರ ಸಹಾಯದಿಂದ ಸ್ವಲ್ಪ ಸ್ವಲ್ಪ ಓದತೊಡಗಿದೆ. ಓದುತ್ತ ಹೋದಂತೆ ಆಶ್ಚರ್ಯವಾಯಿತು. ಈ 'ಲೂಪ್' ಎಂಬುದನ್ನು ನಾನು ಇಷ್ಟು ವರ್ಷ ಛಂದಸ್ಸಿನ ಪಾಠದಲ್ಲಿ ಕಲಿಸುತ್ತಲೇ ಬಂದಿದ್ದೆ! ಆ ಕಥೆಯನ್ನು ನಮ್ಮ ಸಂಸ್ಥೆಯ ಸದಸ್ಯರೊಡನೆ ಮತ್ತು ವಿದ್ಯಾರ್ಥಿಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಲೂಪ್ ಎಂದರೇನು?

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆಗೆ ಗಣಕದ ಭಾಷೆಯಲ್ಲಿ 'ಲೂಪ್' ಎನ್ನುತ್ತಾರೆ. ಕನ್ನಡದಲ್ಲಿ 'ಸುತ್ತು' ಅಥವಾ 'ಆವರ್ತನ' ಎನ್ನಬಹುದು. ನಾವು ಶಿಕ್ಷಕರು ದಿನವೂ ಒಂದು ಲೂಪ್ ನಡೆಸುತ್ತೇವೆ. ಅದು ಹಾಜರಿ ಕರೆಯುವುದು. ಪುಸ್ತಕದಲ್ಲಿ 40 ಹೆಸರಿದ್ದರೆ 40 ಸಲ ಕರೆಯುತ್ತೇವೆ. ಇದು ಎಣಿಕೆಯ ಸುತ್ತು, ಗಣಕದವರು ಇದಕ್ಕೆ 'ಫಾರ್' ಎನ್ನುತ್ತಾರೆ. ಆದರೆ ಪ್ರಾರ್ಥನೆಯ ಮೈದಾನದಲ್ಲಿ "ಗದ್ದಲ ನಿಲ್ಲುವವರೆಗೆ ಸೀಟಿ ಊದು" ಎಂದರೆ ಎಷ್ಟು ಸಲ ಊದಬೇಕೆಂದು ಮೊದಲೇ ಹೇಳಲಾಗದು. ಇದು ಷರತ್ತಿನ ಸುತ್ತು, ಇದಕ್ಕೆ 'ವೈಲ್' ಎನ್ನುತ್ತಾರೆ. ಹಾಜರಿ ಕರೆಯುವಾಗ ವರ್ಗಾವಣೆ ಪತ್ರ ಪಡೆದು ಹೋದವನ ಹೆಸರು ಬಂದರೆ ಅದೊಂದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇವೆ. ಇದು 'ಕಂಟಿನ್ಯೂ'. ನಡುವೆಯೇ ಮುಖ್ಯೋಪಾಧ್ಯಾಯರು ಕರೆ ಕಳಿಸಿದರೆ ಪುಸ್ತಕ ಮಡಚಿ ಎದ್ದು ಬಿಡುತ್ತೇವೆ. ಇದು 'ಬ್ರೇಕ್'.

ಇಷ್ಟೇ ವಿಷಯ. "ಮತ್ತೆ ಮಾಡು" ಎಂದು ಹೇಳುವುದು ಸುಲಭ. ಎಷ್ಟು ಸಲ, ಎಲ್ಲಿಯವರೆಗೆ, ನಡುವೆ ಯಾವಾಗ ಬಿಟ್ಟು ಬರಬೇಕು ಎಂದು ಹೇಳುವುದರಲ್ಲೇ ವಿದ್ಯೆ ಇದೆ. ಈ ವಿದ್ಯೆ ವಿದ್ಯುತ್ತು ಬರುವುದಕ್ಕೆ ನೂರಾರು ವರ್ಷ ಮೊದಲೇ ಹುಟ್ಟಿತ್ತು.

ಕಾವ್ಯದ ಲಯದಲ್ಲಿ ಸುತ್ತು

ಎಂಟನೆಯ ಶತಮಾನದಲ್ಲಿ ಬಸರಾ ನಗರದಲ್ಲಿದ್ದ ಅಲ್-ಖಲೀಲ್ ಇಬ್ನ್ ಅಹ್ಮದ್ ಎಂಬ ವಿದ್ವಾಂಸರು ಅರಬ್ಬಿ ಕಾವ್ಯದ ಲಯಗಳನ್ನು ಮೊದಲ ಬಾರಿಗೆ ಶಾಸ್ತ್ರಬದ್ಧಗೊಳಿಸಿದರು. ಅದೇ 'ಅರೂಜ್'. ಅವರು ಲಯಗಳನ್ನು ಐದು ವೃತ್ತಗಳಲ್ಲಿ, ಅಂದರೆ ದಾಯಿರಾಗಳಲ್ಲಿ, ಜೋಡಿಸಿದರು. ಒಂದು ವೃತ್ತದ ಉದಾಹರಣೆ ನೋಡಿ. ಒಂದು ಲಘು, ಮೂರು ಗುರು ಎಂಬ ನಾಲ್ಕು ಘಟಕಗಳನ್ನು ಸುತ್ತ ಬರೆಯಿರಿ. ಲಘುವಿನಿಂದ ಓದಲು ಹೊರಟರೆ 'ಮಫಾಈಲುನ್', ಅದು ಹಜಜ್ ಲಯ. ಲಘುವಿನ ಹಿಂದಿನ ಗುರುವಿನಿಂದ ಹೊರಟರೆ 'ಫಾಇಲಾತುನ್', ಅದು ರಮಲ್. ಇನ್ನೊಂದು ಗುರು ಹಿಂದೆ ಸರಿದು ಹೊರಟರೆ 'ಮುಸ್ತಫ್‌ಇಲುನ್', ಅದು ರಜಜ್. ಸುತ್ತು ಒಂದೇ, ಆರಂಭದ ಜಾಗ ಬೇರೆ, ಆದ್ದರಿಂದ ಲಯವೂ ಬೇರೆ.

ಉರ್ದುವಿನಲ್ಲಿ ಈ ಸುತ್ತು ಎಷ್ಟು ಸಲ ಎಂಬುದಕ್ಕೂ ಹೆಸರಿದೆ. ಒಂದು ಶೇರ್‌ನ ಎರಡು ಮಿಸ್ರಾಗಳಲ್ಲಿ ಒಟ್ಟು 8 ಗಣಗಳಿದ್ದರೆ 'ಮುಸಮ್ಮನ್', 6 ಇದ್ದರೆ 'ಮುಸದ್ದಸ್'. ಇದು ಎಣಿಕೆಯ ನಿಯಂತ್ರಣ. ಇನ್ನೂ ಸೊಗಸಾದದ್ದು 'ಮಹ್‌ಜೂಫ್'. 'ರಮಲ್ ಮುಸಮ್ಮನ್ ಮಹ್‌ಜೂಫ್' ಎಂದರೆ ಪ್ರತಿ ಮಿಸ್ರಾದಲ್ಲಿ ಮೂರು ಸಲ ಪೂರ್ಣ 'ಫಾಇಲಾತುನ್', ನಾಲ್ಕನೆಯ ಸಲ ಕೊನೆಯ ತುಂಡನ್ನು ಕತ್ತರಿಸಿ 'ಫಾಇಲುನ್'. ಕೊನೆಯ ಸುತ್ತನ್ನು ಅರ್ಧದಲ್ಲೇ ಬಿಟ್ಟು ಹೊರಬರುವ ಈ ಕ್ರಮ 'ಬ್ರೇಕ್' ಅಲ್ಲದೆ ಮತ್ತೇನು?

ಕನ್ನಡದ ಭಾಮಿನಿ ಷಟ್ಪದಿಯನ್ನೂ ನೋಡಿ. ಒಂದನೆಯ, ಎರಡನೆಯ ಸಾಲುಗಳಲ್ಲಿ '3, 4' ಎಂಬ ಮಾತ್ರೆಗಳ ಜೋಡಿ ಎರಡು ಸಲ, ಮೂರನೆಯ ಸಾಲಿನಲ್ಲಿ ಮೂರು ಸಲ, ಮೇಲೊಂದು ಗುರು. ಈ ಮೂರೂ ಸಾಲುಗಳ ಕಟ್ಟು ಮತ್ತೊಮ್ಮೆ. ಒಟ್ಟು 102 ಮಾತ್ರೆ. ಲೂಪಿನೊಳಗೆ ಲೂಪ್ ಎಂದು ಗಣಕದವರು ಕಲಿಸುವುದು ಇದನ್ನೇ.

ಮಳಖೇಡದ ಮಹಾವೀರಾಚಾರ್ಯ

ಒಂಬತ್ತನೆಯ ಶತಮಾನದಲ್ಲಿ ಎರಡು ದೂರದ ನಗರಗಳಲ್ಲಿ ಇಬ್ಬರು ಗಣಿತಜ್ಞರಿದ್ದರು. ಬಾಗ್ದಾದಿನಲ್ಲಿ ಖಲೀಫಾ ಅಲ್-ಮಾಮೂನನ ಆಶ್ರಯದಲ್ಲಿ ಅಲ್-ಖ್ವಾರಿಜ್ಮಿ. ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಅವರು ಬರೆದ ಪುಸ್ತಕ ಲ್ಯಾಟಿನಿಗೆ ಹೋದಾಗ ಅವರ ಹೆಸರೇ 'ಆಲ್ಗೊರಿತ್ಮಿ' ಎಂದಾಯಿತು. ಇಂದು ಹಂತಹಂತವಾಗಿ ಲೆಕ್ಕ ಬಿಡಿಸುವ ಕ್ರಮಕ್ಕೆ ಜಗತ್ತೆಲ್ಲ 'ಆಲ್ಗರಿದಂ' ಎನ್ನುವುದು ಅದರಿಂದಲೇ. ಇನ್ನೊಬ್ಬರು ನಮ್ಮ ಕರ್ನಾಟಕದವರು. ಕ್ರಿ.ಶ. 850ರ ಸುಮಾರಿಗೆ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯರು ತಮ್ಮ ಗ್ರಂಥದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಮಹಾವೀರಾಚಾರ್ಯರು ತಮ್ಮ ಗಣಿತ ಗ್ರಂಥದಲ್ಲಿ ಛಂದಸ್ಸಿನ 'ಪ್ರಸ್ತಾರ'ಕ್ಕೂ ಜಾಗ ಕೊಟ್ಟಿದ್ದಾರೆ. ಇಷ್ಟು ಅಕ್ಷರಗಳಲ್ಲಿ ಲಘು ಗುರುಗಳ ಎಷ್ಟು ಬಗೆಯ ಜೋಡಣೆ ಸಾಧ್ಯವೋ ಅವನ್ನೆಲ್ಲ ಒಂದನ್ನೂ ಬಿಡದೆ ಬರೆಯುವ ವಿಧಾನವೇ ಪ್ರಸ್ತಾರ. ಪಿಂಗಳನ ಕಾಲದಿಂದ ಬಂದ ಅದರ ನಿಯಮ ಬಹಳ ಸರಳ. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಮುಂದಿನ ಸಾಲಿಗೆ ಹೋಗುವಾಗ ಎಡದಿಂದ ನೋಡುತ್ತ ಬಂದು ಮೊದಲು ಸಿಕ್ಕ ಗುರುವಿನ ಕೆಳಗೆ ಲಘು ಬರೆಯಬೇಕು. ಅದರ ಬಲಕ್ಕೆ ಇದ್ದದ್ದನ್ನು ಹಾಗೆಯೇ ಇಳಿಸಬೇಕು, ಎಡಕ್ಕೆ ಗುರುಗಳನ್ನು ತುಂಬಬೇಕು. ಹೀಗೆ ಮಾಡುತ್ತ ಹೋಗಿ, ಎಲ್ಲವೂ ಲಘುವಾದ ಸಾಲು ಬಂದಾಗ ನಿಲ್ಲಬೇಕು.

ಪ್ರಿಯ ವಿದ್ಯಾರ್ಥಿಗಳೇ, ಮೂರು ಅಕ್ಷರಗಳಿಗೆ ಇದನ್ನು ಕಾಗದದ ಮೇಲೆ ಮಾಡಿ ನೋಡಿ. ಮ, ಯ, ರ, ಸ, ತ, ಜ, ಭ, ನ ಎಂಬ ಎಂಟು ಗಣಗಳೂ ಇದೇ ಕ್ರಮದಲ್ಲಿ ಒಂದೊಂದಾಗಿ ಬರುತ್ತವೆ. ನಾಲ್ಕು ಅಕ್ಷರವಾದರೆ 16, ಐದಾದರೆ 32. ಇಲ್ಲಿ ಗಮನಿಸಬೇಕಾದದ್ದು ಎರಡು. ನಿಲ್ಲುವ ಷರತ್ತು ಸ್ಪಷ್ಟವಾಗಿದೆ: ಎಲ್ಲವೂ ಲಘು. ಜೊತೆಗೆ ಒಟ್ಟು ಎಷ್ಟು ಸಾಲು ಬರಬೇಕೆಂದು ಬೇರೆ ಲೆಕ್ಕದಿಂದ ಮೊದಲೇ ತಿಳಿಯಬಹುದು. ನಿಂತ ಮೇಲೆ ಎಣಿಸಿ, ಸರಿಯಾದ ಜಾಗದಲ್ಲೇ ನಿಂತೆವೆಯೇ ಎಂದು ತಾಳೆ ನೋಡಬಹುದು.

ಚಕ್ರವಾಳ: ಸುತ್ತಿಗೊಂದು ಹೆಸರು

ಮುಂದೆ ಹನ್ನೆರಡನೆಯ ಶತಮಾನಕ್ಕೆ ಬರೋಣ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ತಂದೆ ಮಹೇಶ್ವರರ ಊರು ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡ ಎಂದು ಹೇಳಿದ್ದಾರೆ. ಅದು ನಮ್ಮ ವಿಜಯಪುರ ಎಂದು ಕೆಲವರು, ಮಹಾರಾಷ್ಟ್ರದ ಖಾನದೇಶದ ಕಡೆಯ ಊರು ಎಂದು ಕೆಲವರು ಅಭಿಪ್ರಾಯಪಡುತ್ತಾರೆ. ಅವರ 'ಬೀಜಗಣಿತ'ದಲ್ಲಿ ಒಂದು ಪ್ರಸಿದ್ಧ ಲೆಕ್ಕವಿದೆ. ಯಾವ ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿದರೆ ಮತ್ತೊಂದು ವರ್ಗಸಂಖ್ಯೆ ಸಿಗುತ್ತದೆ? ಕೇಳಲು ಸುಲಭ. ಆದರೆ ಅತ್ಯಂತ ಚಿಕ್ಕ ಉತ್ತರವೇ 22,61,53,980. ಒಂದೊಂದೇ ಸಂಖ್ಯೆಯನ್ನು ಹಿಡಿದು ನೋಡುತ್ತ ಹೋದರೆ ಆಯುಷ್ಯ ಸಾಲದು.

ಇದಕ್ಕೆ ಭಾಸ್ಕರರು ಬಳಸಿದ ವಿಧಾನದ ಹೆಸರೇ 'ಚಕ್ರವಾಳ', ಅಂದರೆ ಚಕ್ರ, ಸುತ್ತು. ಅವರಿಗಿಂತ ಮುಂಚಿನ ಜಯದೇವ ಎಂಬ ಗಣಿತಜ್ಞನಿಗೂ ಇದು ಗೊತ್ತಿತ್ತು. ಸರಿಯಾದ ಉತ್ತರ ಸಿಗದಿದ್ದರೂ ಹತ್ತಿರದ ಒಂದು ಉತ್ತರದಿಂದ ಹೊರಡುವುದು, ಅದರಿಂದ ಇನ್ನೊಂದನ್ನು ಪಡೆಯುವುದು, ವ್ಯತ್ಯಾಸ 1 ಆಗುವವರೆಗೆ ಹೀಗೆಯೇ ಸುತ್ತುವುದು. 61ರ ಲೆಕ್ಕದಲ್ಲಿ ಮೊದಲು 8ರ ವರ್ಗ 64, ಅದು 61ಕ್ಕಿಂತ 3 ಹೆಚ್ಚು. ಮುಂದಿನ ಸುತ್ತಿನಲ್ಲಿ 39ರ ವರ್ಗ 1521, ಅದು 61ನ್ನು 5ರ ವರ್ಗದಿಂದ ಗುಣಿಸಿದ 1525ಕ್ಕಿಂತ 4 ಕಡಿಮೆ. ವ್ಯತ್ಯಾಸ 4 ಬಂದ ಕೂಡಲೇ ಭಾಸ್ಕರರು ಸುತ್ತುವುದನ್ನು ನಿಲ್ಲಿಸುತ್ತಾರೆ. ಏಕೆಂದರೆ ವ್ಯತ್ಯಾಸ 4, 2 ಅಥವಾ 1ಕ್ಕೆ ಇಳಿದರೆ ಅಲ್ಲಿಂದ ಉತ್ತರಕ್ಕೆ ಹೋಗುವ ಅಡ್ಡದಾರಿಯನ್ನು ಏಳನೆಯ ಶತಮಾನದಲ್ಲೇ ಬ್ರಹ್ಮಗುಪ್ತ ತೋರಿಸಿದ್ದ. ಸುತ್ತಿನ ಸಹಜವಾದ ಕೊನೆ ಒಂದು, ಬೇಗ ಹೊರಬರುವ ಬಾಗಿಲು ಇನ್ನೊಂದು. ಎರಡೂ ಅಲ್ಲಿವೆ. 1657ರಲ್ಲಿ ಫ್ರಾನ್ಸಿನ ಫರ್ಮಾ ಇಂಥದೇ ಸಮಸ್ಯೆಯನ್ನು ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದಾಗ ಅವನು ಹೆಸರಿಸಿದ ಸಂಖ್ಯೆಗಳಲ್ಲಿ 61 ಕೂಡ ಇತ್ತು.

ಈ ವಿದ್ಯೆ ಒಂದೇ ಭಾಷೆಯಲ್ಲಿ ಉಳಿಯಲಿಲ್ಲ ಎಂಬುದನ್ನು ಭಾಷಾ ಶಿಕ್ಷಕನಾಗಿ ನಾನು ವಿಶೇಷವಾಗಿ ಹೇಳಬೇಕು. ಭಾಸ್ಕರರ 'ಲೀಲಾವತಿ'ಯನ್ನು ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ ಪಾರಸಿಗೆ ತಂದರು. 'ಬೀಜಗಣಿತ'ವನ್ನು ಶಹಜಹಾನನ ಕಾಲದಲ್ಲಿ, 1634-35ರಲ್ಲಿ, ಅತಾವುಲ್ಲಾ ರುಷ್ದಿ ಪಾರಸಿಗೆ ತಂದರು. 1813ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಎಡ್ವರ್ಡ್ ಸ್ಟ್ರೇಚಿಯ ಇಂಗ್ಲಿಷ್ 'ಬೀಜಗಣಿತ' ಆ ಪಾರಸಿ ಅನುವಾದದಿಂದಲೇ ಆದದ್ದು. ಸಂಸ್ಕೃತದಿಂದ ಪಾರಸಿಗೆ, ಪಾರಸಿಯಿಂದ ಇಂಗ್ಲಿಷಿಗೆ ಈ ಚಕ್ರ ಉರುಳಿತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಈ ಸುತ್ತು ಯಾವಾಗಲೂ ನಿಲ್ಲುತ್ತದೆಯೇ? ಯಾವ ಸಂಖ್ಯೆ ಕೊಟ್ಟರೂ ಉತ್ತರಕ್ಕೆ ಬಂದು ತಲುಪುತ್ತದೆಯೇ? ನೂರು ಸಲ ನಿಂತಿತು ಎಂದ ಮಾತ್ರಕ್ಕೆ ನೂರಾ ಒಂದನೆಯ ಸಲವೂ ನಿಲ್ಲುತ್ತದೆ ಎನ್ನಲಾಗದು. ಚಕ್ರವಾಳ ತಪ್ಪದೆ ಉತ್ತರಕ್ಕೆ ತಲುಪುತ್ತದೆ ಎಂಬುದಕ್ಕೆ 1929-30ರ ಸುಮಾರಿಗೆ ಸಾಧನೆ ಕೊಟ್ಟವರು ಮೈಸೂರಿನ ಮಹಾರಾಜ ಕಾಲೇಜಿನ ಗಣಿತ ಪ್ರಾಧ್ಯಾಪಕರಾಗಿದ್ದ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್. ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ ಅವರ ತಂದೆ ಇವರು. ಏಳೂವರೆ ಶತಮಾನಗಳಿಗೂ ಹಿಂದಿನ ಸುತ್ತಿಗೆ "ಇದು ಖಂಡಿತ ನಿಲ್ಲುತ್ತದೆ" ಎಂಬ ಭರವಸೆ ಮೈಸೂರಿನಿಂದ ಬಂತು ಎಂಬುದು ಕನ್ನಡಿಗರೆಲ್ಲ ಹೆಮ್ಮೆಪಡುವ ಸಂಗತಿ.

ಮೊದಲೇ ಎಣಿಸಿಕೊಂಡ ಅಲ್-ಕಾಶಿ

ಎಣಿಕೆಯ ಸುತ್ತಿಗೆ ಇತಿಹಾಸದಲ್ಲಿ ನನಗೆ ಕಂಡ ಅತ್ಯುತ್ತಮ ಉದಾಹರಣೆ ಸಮರ್ಕಂದದ್ದು. ಅಲ್ಲಿ ಖಗೋಳಪ್ರಿಯ ಅರಸ ಉಲುಗ್ ಬೇಗ್‌ನ ಆಶ್ರಯದಲ್ಲಿದ್ದ ಜಮ್ಶೀದ್ ಅಲ್-ಕಾಶಿ 1424ರಲ್ಲಿ ವೃತ್ತದ ಪರಿಧಿಯ ಬಗ್ಗೆ ಒಂದು ಗ್ರಂಥ ಬರೆದರು. ವೃತ್ತದೊಳಗೆ ಬಹುಭುಜ ಬರೆದು, ಅದರ ಬಾಹುಗಳನ್ನು ಇಮ್ಮಡಿಗೊಳಿಸುತ್ತ ಹೋದರೆ ಅದು ವೃತ್ತಕ್ಕೆ ಹತ್ತಿರವಾಗುತ್ತದೆ. ಆದರೆ ಎಷ್ಟು ಸಲ ಇಮ್ಮಡಿಗೊಳಿಸಬೇಕು? ಕಡಿಮೆಯಾದರೆ ಉತ್ತರ ಒರಟು, ಹೆಚ್ಚಾದರೆ ಶ್ರಮ ವ್ಯರ್ಥ. ಅಲ್-ಕಾಶಿ ಲೆಕ್ಕ ಆರಂಭಿಸುವ ಮೊದಲೇ ಗುರಿ ಹಾಕಿಕೊಂಡರು. ಭೂಮಿಯ ವ್ಯಾಸಕ್ಕಿಂತ 6 ಲಕ್ಷ ಪಟ್ಟು ವ್ಯಾಸವಿರುವ ವೃತ್ತದ ಪರಿಧಿಯಲ್ಲೂ ತಪ್ಪು ಕುದುರೆಯ ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ತ್ರಿಭುಜದಿಂದ ಹೊರಟು 28 ಸಲ ಇಮ್ಮಡಿ ಸಾಕು ಎಂದು ಮೊದಲೇ ಕಂಡುಕೊಂಡರು. ಕೊನೆಯ ಬಹುಭುಜಕ್ಕೆ 80,53,06,368 ಬಾಹುಗಳು! ಪೈ ಬೆಲೆ 16 ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ಬಂತು. ಕೈಯಿಂದ ಲೆಕ್ಕ ಮಾಡುವವನಿಗೆ ಪ್ರತಿ ಸುತ್ತಿನ ಬೆಲೆ ಗೊತ್ತಿರುತ್ತದೆ. ಆದ್ದರಿಂದ ಅವನು ಹೊರಡುವ ಮೊದಲೇ ಎಲ್ಲಿ ನಿಲ್ಲಬೇಕೆಂದು ಯೋಚಿಸುತ್ತಾನೆ.

ಯಂತ್ರದ ಕೈಗೆ ಬಂದ ಮೇಲೆ

1843ರಲ್ಲಿ ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬ ಮಹಿಳೆ ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ ಗಣನ ಯಂತ್ರದ ಬಗ್ಗೆ ಟಿಪ್ಪಣಿಗಳನ್ನು ಪ್ರಕಟಿಸಿದರು. ಮತ್ತೆ ಮತ್ತೆ ಬರುವ ಕ್ರಿಯೆಗಳ ಗುಂಪನ್ನು ಅವರು 'ಸೈಕಲ್', ಅಂದರೆ ಚಕ್ರ ಎಂದೇ ಕರೆದರು. ಆ ಯಂತ್ರ ಪೂರ್ಣವಾಗಲೇ ಇಲ್ಲ, ಆದರೆ ಅವರ ವಿಚಾರ ಉಳಿಯಿತು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಎಣಿಕೆಯ ಸುತ್ತಿಗೆ ಒಂದೇ ಆಜ್ಞೆ ಸಾಕಾಯಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ 'ಸಿ' ಭಾಷೆ ಫಾರ್, ವೈಲ್, ಬ್ರೇಕ್, ಕಂಟಿನ್ಯೂ ಎಂಬ ಪದಗಳನ್ನು ಲೋಕಕ್ಕೆಲ್ಲ ಪರಿಚಯಿಸಿತು. ಇಂದಿನ ಪೈಥಾನ್‌ನಲ್ಲೂ ಅವೇ ಪದಗಳಿವೆ.

ಆದರೆ ಯಂತ್ರಕ್ಕೆ ದಣಿವಿಲ್ಲ. ಮನುಷ್ಯ ಬೇಸತ್ತು ನಿಲ್ಲಿಸುತ್ತಾನೆ, ಯಂತ್ರ ನಿಲ್ಲಿಸುವುದಿಲ್ಲ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಕಂಪನಿಯ 'ಜೂನ್' ಎಂಬ ಹಾಡು ಕೇಳುವ ಸಾಧನದ 30 ಜಿಬಿ ಮಾದರಿ ಒಮ್ಮೆಲೇ ಎಲ್ಲೆಡೆ ಸ್ತಬ್ಧವಾಯಿತು. ಅದರ ಗಡಿಯಾರ ಒಟ್ಟು ದಿನಗಳಿಂದ ವರ್ಷವನ್ನು ಲೆಕ್ಕ ಹಾಕುತ್ತಿತ್ತು. "ದಿನಗಳು 365ಕ್ಕಿಂತ ಹೆಚ್ಚಿರುವವರೆಗೆ ಸುತ್ತು. ಅಧಿಕ ವರ್ಷವಾದರೆ, ದಿನಗಳು 366ಕ್ಕಿಂತ ಹೆಚ್ಚಿದ್ದಾಗ 366 ಕಳೆ. ಇಲ್ಲದಿದ್ದರೆ 365 ಕಳೆ" ಎಂಬುದು ಅದರ ಸೂಚನೆ. 2008 ಅಧಿಕ ವರ್ಷ, ಅಂದು 366ನೆಯ ದಿನ. 365ಕ್ಕಿಂತ ಹೆಚ್ಚು, ಆದ್ದರಿಂದ ಸುತ್ತು ನಿಲ್ಲಲಿಲ್ಲ. 366ಕ್ಕಿಂತ ಹೆಚ್ಚಲ್ಲ, ಆದ್ದರಿಂದ ಏನೂ ಕಳೆಯಲಿಲ್ಲ. ಸಾಧನ ಇದ್ದಲ್ಲೇ ಸುತ್ತುತ್ತ ಉಳಿಯಿತು. ಬ್ಯಾಟರಿ ಖಾಲಿಯಾಗಲು ಬಿಟ್ಟು, ಮರುದಿನ ಮತ್ತೆ ಆರಂಭಿಸಿ ಎಂದು ಕಂಪನಿ ಹೇಳಬೇಕಾಯಿತು. ನಾನು ಗೋಡೆಯ ಸ್ವಿಚ್ ಆರಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳಿ!

ಇಂಥ ತಪ್ಪುಗಳನ್ನೆಲ್ಲ ಹಿಡಿದುಕೊಡುವ ಒಂದು ಪ್ರೋಗ್ರಾಂ ಬರೆದರೆ ಆಗದೇ ಎಂದು ನೀವು ಕೇಳಬಹುದು. ಬ್ರಿಟನ್ನಿನ ಅಲನ್ ಟ್ಯೂರಿಂಗ್ 1936ರಲ್ಲಿ ಮಂಡಿಸಿದ ಪ್ರಬಂಧದಿಂದ ತಿಳಿದುಬಂದದ್ದೇನೆಂದರೆ, ಯಾವ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳಬಲ್ಲ ಒಂದೇ ವಿಧಾನ ಇರಲು ಸಾಧ್ಯವೇ ಇಲ್ಲ. ಆದ್ದರಿಂದ ತಾನು ಬರೆದ ಸುತ್ತು ನಿಲ್ಲುತ್ತದೆ ಎಂದು ಖಾತರಿ ಮಾಡಿಕೊಳ್ಳುವ ಹೊಣೆ ಬರೆಯುವವನದೇ.

ನಮ್ಮ ಅಣೆಕಟ್ಟಿನ ಪಾಠ

ಹಾಗಾದರೆ ಎಲ್ಲ ಸುತ್ತುಗಳೂ ಮುಗಿಯಲೇಬೇಕೇ? ಉತ್ತರಕ್ಕೆ ನಮ್ಮ ಗಣೇಶಗುಡಿಯನ್ನೇ ನೋಡೋಣ. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಅದರ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ನಮ್ಮ ದೇಶದ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಅದಕ್ಕೆ ಹೊಂದುವಂತೆ ಜಲಯಂತ್ರದ ವೇಗವನ್ನು ಕಾಯುವುದು 'ಗವರ್ನರ್' ಎಂಬ ಸಾಧನ. ವೇಗ ಅಳೆ, ಇರಬೇಕಾದ ವೇಗಕ್ಕೆ ಹೋಲಿಸು, ಹೆಚ್ಚಾದರೆ ನೀರು ಕಡಿಮೆ ಮಾಡು, ಕಡಿಮೆಯಾದರೆ ಹೆಚ್ಚಿಸು, ಮತ್ತೆ ಅಳೆ. ಯಂತ್ರ ಓಡುವಷ್ಟು ಹೊತ್ತೂ ಈ ಸುತ್ತು ನಿಲ್ಲಬಾರದು. ಆದರೆ ಅದರ ಪ್ರತಿ ಸುತ್ತೂ ಚಿಕ್ಕದು, ಪ್ರತಿ ಸುತ್ತಿನಲ್ಲೂ ಹೊಸದಾಗಿ ಅಳತೆಯಾಗುತ್ತದೆ, ವೇಗ ಮಿತಿ ಮೀರಿದರೆ ಯಂತ್ರವನ್ನೇ ನಿಲ್ಲಿಸುವ ವ್ಯವಸ್ಥೆಯೂ ಇರುತ್ತದೆ. ನಿಲ್ಲದ ಸುತ್ತಿಗೂ ಕಡಿವಾಣ ಬೇಕೇ ಬೇಕು. ಕಡಿವಾಣವಿಲ್ಲದ ಸುತ್ತು ಮಾತ್ರ ಅಪಾಯ.

ಮತ್ತೆ ಆ ಹುಡುಗಿಯ ಬಳಿಗೆ

ಇದನ್ನೆಲ್ಲ ತಿಳಿದುಕೊಂಡ ಮೇಲೆ ಒಂದು ದಿನ ಕನ್ನಡದ ಅವಧಿಯಲ್ಲಿ ಪ್ರಸ್ತಾರ ಮಾಡಿಸಿದೆ. ಎಂಟು ಸಾಲು ಮುಗಿದಾಗ, "ಒಂಬತ್ತನೇದ್ದು ಯಾಕ ಬರೀಲಿಲ್ಲ?" ಎಂದು ಅದೇ ಹುಡುಗಿಯನ್ನು ಕೇಳಿದೆ. "ಎಲ್ಲಾ ಲಘು ಆತಲ್ರೀ ಸರ್, ಇನ್ನ ಗುರುನ ಇಲ್ಲ" ಎಂದಳು. "ಪ್ರತಿ ಸಾಲಿನ್ಯಾಗ ಒಂದು ಗುರುನ್ನ ಲಘು ಮಾಡದ ಸುಮ್ಮನ ಹಂಗ ಇಳಿಸಿದ್ದರ?" ಅವಳು ಸ್ವಲ್ಪ ಯೋಚಿಸಿದಳು. "ಮೊದಲನೇ ಸಾಲನ್ನ ಬರಕೋತ ಕೂಡ್ತಿದ್ವಿ..." ಎಂದವಳೇ ತಟಕ್ಕನೆ ನನ್ನ ಮುಖ ನೋಡಿದಳು. ಅಂದಿನ ಪ್ರೋಗ್ರಾಮಿನಲ್ಲಿ ಅಂಕಿಗೆ ಒಂದು ಕೂಡಿಸುವ ಸಾಲನ್ನು ಬರೆಯಲು ತಾನು ಮರೆತಿದ್ದು ಅವಳಿಗೇ ಹೊಳೆಯಿತು. ಒಂದು ಒಂದಾಗಿಯೇ ಉಳಿದರೆ ಹತ್ತು ಬರುವುದೆಲ್ಲಿಂದ? ಮರುವಾರ ಅವಳ ಪ್ರೋಗ್ರಾಂ ಹತ್ತಕ್ಕೆ ನಿಂತಿತು. ಪಿಯುಸಿಯ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಈಗ ಕಂಪ್ಯೂಟರ್ ಅವಧಿಗೆ ಮೊದಲು ಹೋಗಿ ಕೂರುವವರಲ್ಲಿ ಅವಳೂ ಒಬ್ಬಳು.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗಾಗಿ ಫಾರ್, ವೈಲ್ ಎಂದು ಬಾಯಿಪಾಠ ಮಾಡಬೇಡಿ. ಸುತ್ತು ಬರೆಯುವ ಮೊದಲು ಕಾಗದದ ಮೇಲೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಎಲ್ಲಿಂದ ಹೊರಡುತ್ತೇನೆ? ಪ್ರತಿ ಸುತ್ತಿನಲ್ಲಿ ಏನು ಬದಲಾಗುತ್ತದೆ? ಎಲ್ಲಿ ನಿಲ್ಲುತ್ತೇನೆ? ಮಳಖೇಡದ ಆಚಾರ್ಯರೂ ಸಮರ್ಕಂದದ ಪಂಡಿತರೂ ಗಣಕವಿಲ್ಲದೆ ಈ ಮೂರಕ್ಕೆ ಉತ್ತರ ಬರೆದುಕೊಂಡಿದ್ದರು. ನಿಮ್ಮ ಮುಂದೆ ಗಣಕವಿದೆ. ಉತ್ತರ ಮಾತ್ರ ಇಂದಿಗೂ ನೀವೇ ಬರೆಯಬೇಕು.